ಸಂಪಾದಕರ ಉತ್ತರ: ಕೆಮ್ಮು ಬಂತೇ? ಬರಲಿ ಬಿಡಿ

ಈ ಸಲ ಬಂದ ಪತ್ರಗಳಲ್ಲಿ ಒಂದು ಮೂರು ದಿನದಿಂದ ನನ್ನ ಮೇಜು ಬಿಟ್ಟು ಕದಲಿಲ್ಲ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಉದ್ದ ಪತ್ರದ ಸಾರ ಇಷ್ಟು:

"ನನಗೀಗ ನಲವತ್ತಾರು. ಇಪ್ಪತ್ತೆರಡು ವರ್ಷ ದಿನಕ್ಕೆ ಹದಿನೈದರಂತೆ ಸಿಗರೇಟು ಸೇದಿದವನು ಒಂದು ಸೋಮವಾರ ಬೆಳಿಗ್ಗೆ ನಿಲ್ಲಿಸಿಬಿಟ್ಟೆ. ಇವತ್ತಿಗೆ ಮೂವತ್ತಮೂರು ದಿನ. ಸೇದುತ್ತಿದ್ದಾಗ ಗಟ್ಟಿಮುಟ್ಟಾಗಿದ್ದೆ. ಬಿಟ್ಟ ಮೇಲೆ ಕೆಮ್ಮು ಜಾಸ್ತಿಯಾಗಿದೆ, ಬಾಯಿಹುಣ್ಣು, ಮೂರು ಕಿಲೋ ತೂಕ ಏರಿದೆ, ರಾತ್ರಿ ನಿದ್ದೆಯಿಲ್ಲ, ಕಾಫಿ ಕುಡಿದರೆ ಎದೆ ಡವಡವ ಎನ್ನುತ್ತದೆ, ಮನೆಯವರ ಮೇಲೆ ರೇಗುತ್ತೇನೆ. 'ಒಗ್ಗಿದ ಶರೀರ ಕಣಯ್ಯಾ, ಹೀಗೆ ಏಕಾಏಕಿ ಬಿಟ್ಟರೆ ಏಟು ಬೀಳುತ್ತೆ, ದಿನಕ್ಕೆ ಎರಡು ಇಟ್ಟುಕೋ' ಅನ್ನುತ್ತಾರೆ ಹಿರಿಯ ಸ್ನೇಹಿತರೊಬ್ಬರು. ಯಾವುದೂ ಅತಿಯಾಗಬಾರದು ಎಂದು ನೀವೇ ಬರೆಯುತ್ತೀರಲ್ಲ, ಎರಡು ಅಂದರೆ ಮಿತವಲ್ಲವೇ? ಬೀರುವಿನ ಮೇಲೆ ಒಡೆಯದ ಪ್ಯಾಕೊಂದನ್ನು ಇಟ್ಟಿದ್ದೇನೆ, ಧೈರ್ಯಕ್ಕೆ. ನಿಮ್ಮ ಉತ್ತರ ನೋಡಿ ತೀರ್ಮಾನ ಮಾಡುತ್ತೇನೆ."

ಸ್ವಾಮಿ, ಆ ಕೊನೆಯ ಸಾಲು ಓದಿ ನನಗೆ ಬೆವರು ಬಂತು. ಸಂಪಾದಕನ ಮೇಲೆ ಇಷ್ಟು ಭಾರ ಹೊರಿಸಬಾರದು. ಪತ್ರಿಕೆ ನಿಮ್ಮ ಕೈಸೇರುವಷ್ಟರಲ್ಲಿ ನಿಮ್ಮ ಲೆಕ್ಕ ಅರವತ್ತರ ಆಚೆ ಹೋಗಿರುತ್ತದೆ ಎಂಬ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಹತ್ತೊಂಬತ್ತು ವರ್ಷ ಸೇದಿದವನು, ಬಿಟ್ಟು ಹದಿನೇಳು ವರ್ಷ ಆದವನು, ನಡುವೆ ಈ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದವನು. ನನಗಿರುವ ಅರ್ಹತೆ ಇಷ್ಟೇ.

ಮೊದಲು ನಿಮ್ಮ ಹಿರಿಯ ಸ್ನೇಹಿತರಿಗೆ ಸಲ್ಲಬೇಕಾದ್ದು ಸಲ್ಲಲಿ. ದಿನದಿನಕ್ಕೆ ಇಳಿಸುತ್ತಾ ಬಂದು ಸೊನ್ನೆಗೆ ಮುಟ್ಟಿದವರು ಇದ್ದಾರೆ, ಇಲ್ಲವೆನ್ನಲಾರೆ. ಮನೋರೋಗಕ್ಕೆ ಕ್ಲೋಜಪೀನ್, ಒಲಾಂಜಪೀನ್‌ನಂಥ ಮಾತ್ರೆ ನುಂಗುತ್ತಿರುವವರು ಸಿಗರೇಟು ನಿಲ್ಲಿಸಿದರೆ ರಕ್ತದಲ್ಲಿ ಆ ಔಷಧಿಯ ಮಟ್ಟ ಏರುತ್ತದೆ. ಅವರು ವೈದ್ಯರಿಗೆ ಮೊದಲೇ ತಿಳಿಸಿ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಇಲ್ಲಿಗೆ ಸ್ನೇಹಿತರ ಪಾಲಿನ ಮರ್ಯಾದೆ ಮುಗಿಯಿತು.

ಈಗ ನಿಮ್ಮ ಕೆಮ್ಮು. ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದ ಕೂದಲುಗಳ ಸಾಲಿದೆ. ಗಾಳಿಗೆ ಪೈರು ತೂಗಿದ ಹಾಗೆ ಅವು ಒಂದೇ ದಿಕ್ಕಿಗೆ ಬಡಿಯುತ್ತಾ ಧೂಳು, ಕಫವನ್ನೆಲ್ಲ ಗಂಟಲಿನ ಕಡೆ ಮೇಲಕ್ಕೆ ದೂಡುತ್ತವೆ. ಹೊಗೆ ತಾಕಿದರೆ ಅವಕ್ಕೆ ಲಕ್ವ ಹೊಡೆದಂತೆ. ನೀವು ಇಪ್ಪತ್ತೆರಡು ವರ್ಷ ಗುಡಿಸುವವರ ಕೈ ಕಟ್ಟಿ ಹಾಕಿ, ಮನೆ ಚೊಕ್ಕಟವಾಗಿದೆ ಎಂದುಕೊಂಡಿದ್ದಿರಿ. ಹೊಗೆ ನಿಂತ ಮೇಲೆ ಕಟ್ಟು ಸಡಿಲಿದೆ, ಪೊರಕೆ ಕೆಲಸಕ್ಕಿಳಿದಿದೆ, ಧೂಳೆದ್ದಿದೆ. ನಾನು ಬಿಟ್ಟ ಎರಡನೆಯ ವಾರ ಬೆಳಗಿನ ಜಾವ ಐದಕ್ಕೆ ಬಚ್ಚಲಲ್ಲಿ ಬಗ್ಗಿ ನಿಂತು, ಗೋಡೆಗೆ ಒಂದು ಕೈ ಕೊಟ್ಟು ಕೆಮ್ಮುತ್ತಿದ್ದೆ. ಬೂದುಬಣ್ಣದ ಕಫ, ಒಳಗೆ ಕಪ್ಪು ಚುಕ್ಕಿ. "ಸೇದುವಾಗ ಹೀಗಿರಲಿಲ್ಲವಲ್ಲ" ಎಂದು ಬಾಗಿಲಾಚೆಯಿಂದ ಹೆಂಡತಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಹೀಗಿರಲಿಲ್ಲ, ನಿಜ. ಹೊರಗೆ ಬರಬೇಕಾದ್ದು ಒಳಗೇ ಕೂತಿತ್ತು. ಈ ಕೆಮ್ಮು ಕೆಲವು ವಾರಕ್ಕೆ ಇಳಿಯುತ್ತದೆ, ಕೆಲವರಿಗೆ ಕೆಲವು ತಿಂಗಳು ಬೇಕು. ರಕ್ತ ಕಂಡರೆ, ಉಸಿರಾಡಲು ಕಷ್ಟವಾದರೆ, ಕೆಮ್ಮು ಇಳಿಯುವ ಲಕ್ಷಣವೇ ಇಲ್ಲದಿದ್ದರೆ ನನ್ನ ಉತ್ತರ ಮಡಿಸಿಟ್ಟು ವೈದ್ಯರ ಬಳಿ ಹೋಗಿ.

ಕಾಫಿಯ ಕಥೆ ಇನ್ನೂ ಸ್ವಾರಸ್ಯ. ಕೆಫೀನನ್ನು ಕರಗಿಸುವ ಕಿಣ್ವವೊಂದು ಯಕೃತ್ತಿನಲ್ಲಿದೆ. ಹೊಗೆಯ ಟಾರಿನಲ್ಲಿರುವ ಕೆಲವು ವಸ್ತುಗಳು ಅದನ್ನು ಚುರುಕು ಮಾಡುತ್ತವೆ, ಹಾಗಾಗಿ ಸೇದುವವರಿಗೆ ಕಾಫಿ ಬೇಗ ಇಳಿದುಹೋಗುತ್ತದೆ, ಇನ್ನೊಂದು ಲೋಟ ಬೇಕೆನಿಸುತ್ತದೆ. ಸಿಗರೇಟು ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಸಹಜ ವೇಗಕ್ಕೆ ಮರಳುತ್ತದೆ. ನೀವು ಕುಡಿಯುವುದು ಅದೇ ಲೋಟ, ರಕ್ತದಲ್ಲಿ ಉಳಿಯುವ ಕೆಫೀನ್ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ಎದೆಬಡಿತ, ಕೈನಡುಕ, ನಿದ್ದೆಗೇಡು, ಸಿಡುಕು ಎಲ್ಲ ಬಿಟ್ಟದ್ದರ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ, ಅದರಲ್ಲಿ ಒಂದು ಪಾಲು ಕಾಫಿಯದು. ಅರ್ಧ ಲೋಟಕ್ಕೆ ಇಳಿಸಿ ಒಂದು ವಾರ ನೋಡಿ. ಮಿತ ಎಂಬ ಪದವನ್ನು ಇಲ್ಲಿ ಬಳಸಿ, ನನ್ನ ತಕರಾರಿಲ್ಲ.

ತೂಕದ್ದು ಹೆಚ್ಚು ಹೇಳುವಂಥದ್ದೇನಲ್ಲ. ನಿಕೋಟಿನ್ ಹಸಿವು ಕಟ್ಟುತ್ತದೆ, ಮೈ ಸುಮ್ಮನಿದ್ದಾಗಲೂ ಒಂದಿಷ್ಟು ಹೆಚ್ಚು ಕ್ಯಾಲೊರಿ ಖರ್ಚು ಮಾಡಿಸುತ್ತದೆ. ಅದು ಹೋದ ಮೇಲೆ ಮೊದಲ ವರ್ಷ ಸರಾಸರಿ 4ರಿಂದ 5 ಕಿಲೋ ಏರುತ್ತದೆ, ಅದರಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ. ಏರದವರೂ ಇದ್ದಾರೆ. ಬಾಯಿಹುಣ್ಣು, ಮಲಬದ್ಧತೆ ಬಿಟ್ಟ ಹೊಸತರಲ್ಲಿ ಬಹಳ ಜನಕ್ಕೆ ಬರುತ್ತವೆ, ಹೋಗುತ್ತವೆ.

ನನ್ನ ಸಿಟ್ಟು ಇರುವುದು ಇಲ್ಲಿ. ಆಸ್ಪತ್ರೆಗಳ ಗೋಡೆಯ ಮೇಲೆ ಒಂದು ಪಟ್ಟಿ ಇರುತ್ತದೆ, ನೀವೂ ನೋಡಿರುತ್ತೀರಿ. ಬಿಟ್ಟ ಇಪ್ಪತ್ತು ನಿಮಿಷಕ್ಕೆ ನಾಡಿ ಇಳಿಯುತ್ತದೆ. ಹೊಗೆಯಿಂದ ರಕ್ತಕ್ಕೆ ಸೇರಿದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಂದೆರಡು ದಿನದೊಳಗೆ ಸಹಜ ಮಟ್ಟಕ್ಕೆ ಬರುತ್ತದೆ. ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ, ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನದು ಸೇದುತ್ತಲೇ ಇರುವವನ ಅರ್ಧ. ಒಂದೂ ಸುಳ್ಳಲ್ಲ. ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಟವೆಲು ಹಾಕಿ ಕೂತಿದ್ದ ಅದು ಎದ್ದು ಹೋಯಿತೆಂದರೆ ಸಣ್ಣ ಮಾತಲ್ಲ. ಆದರೆ ಆ ಪಟ್ಟಿಯಲ್ಲಿ ಎರಡನೆಯ ವಾರದ ಬಚ್ಚಲು ಇಲ್ಲ. ಮೂರನೆಯ ದಿನದ ತಲೆಭಾರ ಇಲ್ಲ. ಚಡಪಡಿಕೆ ಮೊದಲ ಕೆಲವು ದಿನ ಏರಿ, ಮೂರು ನಾಲ್ಕು ವಾರದಲ್ಲಿ ಇಳಿಯುತ್ತದೆ ಎಂಬ ಸಾಲು ಇಲ್ಲ. ಲಾಭ ಮಾತ್ರ ಓದಿಕೊಂಡು ಬಿಟ್ಟವನು ಹದಿನೈದನೆಯ ದಿನ "ನನ್ನ ಮೈಯಲ್ಲೇನೋ ಎಡವಟ್ಟಾಗಿದೆ" ಎಂದು ಹೆದರಿ ಮತ್ತೆ ಹಚ್ಚುತ್ತಾನೆ. ರಿಪೇರಿಗೆ ಸದ್ದಾಗುತ್ತದೆ ಎಂದು ಯಾರೂ ಹೇಳುವುದಿಲ್ಲ.

ಇನ್ನು "ಎರಡೇ ಎರಡು". ನಮ್ಮ ಕಚೇರಿಯಲ್ಲಿ ಕರಡು ತಿದ್ದುವವರೊಬ್ಬರಿದ್ದರು, ಎರಡರ ಮನುಷ್ಯ. ಬೆಳಿಗ್ಗೆ ಹನ್ನೊಂದಕ್ಕೊಂದು, ಸಂಜೆ ಐದಕ್ಕೊಂದು. ಎರಡನ್ನೂ ಪೆನ್ನಿನ ಡಬ್ಬಿಯಲ್ಲಿ ಪೆನ್ಸಿಲುಗಳ ನಡುವೆ ನಿಲ್ಲಿಸಿಟ್ಟಿರುತ್ತಿದ್ದರು. ಹತ್ತೂವರೆಯಿಂದ ಗಡಿಯಾರ ನೋಡಲು ಶುರು. ಆ ಅರ್ಧ ಗಂಟೆಯಲ್ಲಿ ಅವರು ತಿದ್ದಿದ ಪುಟಗಳನ್ನು ನಾನು ಗುಟ್ಟಾಗಿ ಇನ್ನೊಮ್ಮೆ ನೋಡುತ್ತಿದ್ದೆ, ಒತ್ತಕ್ಷರಗಳು ತಪ್ಪಿಸಿಕೊಂಡಿರುತ್ತಿದ್ದವು. ಹನ್ನೊಂದು ಹೊಡೆದರೆ ಕಿಟಕಿಗೆ ಹೋಗಿ, ಕಣ್ಣು ಮುಚ್ಚಿ, ಕೆನ್ನೆ ಒಳಕ್ಕೆ ಹೋಗುವಂತೆ ಎಳೆಯುತ್ತಿದ್ದರು, ಫಿಲ್ಟರು ಬೆರಳು ಸುಡುವವರೆಗೆ. ಹದಿನೈದು ಸೇದುವ ನಾನು ಅರ್ಧಕ್ಕೆ ಒಗೆಯುತ್ತಿದ್ದೆ. ಸಂಖ್ಯೆ ಇಳಿಸಿದವರು ಒಂದೊಂದನ್ನೂ ಹೆಚ್ಚು ಆಳಕ್ಕೆ ಎಳೆದು ನಿಕೋಟಿನ್ ಬಾಕಿ ವಸೂಲು ಮಾಡಿಕೊಳ್ಳುತ್ತಾರೆಂದು ಆಮೇಲೆ ಓದಿದಾಗ ನನಗೆ ಆ ಕಿಟಕಿಯೇ ನೆನಪಾದದ್ದು.

ಹೃದಯದ ಮಟ್ಟಿಗಂತೂ ಈ ಮಿತದ ಲೆಕ್ಕ ಕೂಡಿಬರುವುದೇ ಇಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 141 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ವರದಿಯೊಂದು ಬಂತು. ದಿನಕ್ಕೆ ಒಂದೇ ಸೇದುವ ಗಂಡಸಿಗೆ ಹೃದ್ರೋಗದ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವನ ಇಪ್ಪತ್ತರಲ್ಲೊಂದು ಪಾಲಲ್ಲ, ಹತ್ತಿರ ಹತ್ತಿರ ಅರ್ಧ. ರಕ್ತನಾಳದ ಒಳಪದರ ಕೆಡಲು, ರಕ್ತ ಹೆಪ್ಪುಗಟ್ಟುವ ಗುಣ ಏರಲು ಸ್ವಲ್ಪ ಹೊಗೆಯೇ ಸಾಕು. ಏಕಾಏಕಿ ಬಿಟ್ಟರೆ ಏಟು ಎಂಬುದಕ್ಕೂ ಪರೀಕ್ಷೆ ನಡೆದಿದೆ. 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ ಸುಮಾರು 700 ಜನ. ಅರ್ಧ ಜನ ಎರಡು ವಾರ ಇಳಿಸುತ್ತಾ ಬಂದು ನಿಲ್ಲಿಸಿದರು, ಉಳಿದರ್ಧ ಒಂದೇ ದಿನಕ್ಕೆ. ನಾಲ್ಕು ವಾರದ ಹೊತ್ತಿಗೆ ಸೇದದೆ ಉಳಿದವರು ಇಳಿಸಿದವರಲ್ಲಿ ನೂರಕ್ಕೆ 39, ಒಂದೇ ದಿನಕ್ಕೆ ಬಿಟ್ಟವರಲ್ಲಿ 49. ನೀವು ಗೊತ್ತಿಲ್ಲದೆಯೇ ಸರಿಯಾದ ಸೋಮವಾರ ಹಿಡಿದಿದ್ದೀರಿ.

ಈ ವಿಷಯದಲ್ಲಿ ನನಗೆ ಅಚ್ಚುಮೆಚ್ಚಿನ ಮನುಷ್ಯ ಬ್ರಿಟನ್ನಿನ ವೈದ್ಯ, ಸಂಶೋಧಕ ರಿಚರ್ಡ್ ಡಾಲ್. ಶ್ವಾಸಕೋಶದ ಕ್ಯಾನ್ಸರ್ ಏಕೆ ಹೆಚ್ಚುತ್ತಿದೆ ಎಂದು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಜೊತೆ ಲಂಡನ್ನಿನ ಆಸ್ಪತ್ರೆಗಳಲ್ಲಿ ಹುಡುಕಲು ಹೊರಟಾಗ ಅವರಿಗೆ ರಸ್ತೆಯ ಡಾಂಬರಿನ ಮೇಲೆ ಗುಮಾನಿಯಿತ್ತು, ಸಿಗರೇಟಿನ ಮೇಲಲ್ಲ. ಸ್ವತಃ ಸೇದುತ್ತಿದ್ದರು. ಅಂಕಿಗಳು ಬೆರಳು ತೋರಿಸಿದಾಗ, ಆ ಹುಡುಕಾಟದ 1950ರ ವರದಿ ಹೊರಬರುವ ಮೊದಲೇ, ಬಿಟ್ಟರು. 1951ರಿಂದ ಬ್ರಿಟನ್ನಿನ ವೈದ್ಯರನ್ನೇ ಹಿಂಬಾಲಿಸಿ, 50 ವರ್ಷಗಳ ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದಾಗ ಅವರಿಗೆ 91. ಸೇದುತ್ತಲೇ ಹೋದವರು ಸರಾಸರಿ 10 ವರ್ಷ ಆಯಸ್ಸು ಕಳೆದುಕೊಂಡಿದ್ದರು. 60ರಲ್ಲಿ ಬಿಟ್ಟವರು ಅದರಲ್ಲಿ 3 ವರ್ಷ ಮರಳಿ ಪಡೆದರು, 50ರಲ್ಲಿ ಬಿಟ್ಟವರು 6, 40ರಲ್ಲಿ 9. ನಲವತ್ತಾರು ಎಲ್ಲಿ ಬೀಳುತ್ತದೆ ನೀವೇ ನೋಡಿಕೊಳ್ಳಿ.

ಎಲ್ಲವೂ ವಾಪಸು ಬರುತ್ತದೆಂದು ನಾನು ಆಸೆ ತೋರಿಸಲಾರೆ. ಶ್ವಾಸಕೋಶದಲ್ಲಿ ಒಡೆದುಹೋದ ಗಾಳಿಗೂಡುಗಳು ಮತ್ತೆ ಹುಟ್ಟುವುದಿಲ್ಲ, ಬಿಟ್ಟ ಮೇಲೆ ಸವೆತದ ವೇಗ ಇಳಿಯುತ್ತದೆ, ಅಷ್ಟೇ. ಆದರೆ 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಸಣ್ಣ ಅಧ್ಯಯನ, ಬರೀ 16 ಜನರದ್ದು, ನನಗೆ ಒಂದು ರಾತ್ರಿ ನಿದ್ದೆ ಬಿಡಿಸಿತ್ತು. ಬಿಟ್ಟವರ ಶ್ವಾಸನಾಳದ ಒಳಪದರದಲ್ಲಿ, ಎಂದೂ ಸೇದದವರಲ್ಲಿರುವಂಥ ನಿರೋಗಿ ಜೀವಕೋಶಗಳು ನೂರಕ್ಕೆ 40ರವರೆಗೂ ಕಂಡವು, ಇನ್ನೂ ಸೇದುತ್ತಿದ್ದವರಿಗಿಂತ ನಾಲ್ಕು ಪಟ್ಟು. ಅಷ್ಟು ವರ್ಷ ಹೊಗೆ ಕುಡಿದ ಮನೆಯಲ್ಲಿ ಯಾವ ಮೂಲೆಯಲ್ಲಿ ಅಡಗಿದ್ದವೋ, ಹೊಗೆ ನಿಂತ ಮೇಲೆ ಬಂದು ಜಾಗ ತುಂಬಿದ್ದವು.

ಮಾತು ಎಲ್ಲಿಗೋ ಹೊರಟಿದೆ, ಆದರೂ ಹೇಳಿಬಿಡುತ್ತೇನೆ. ನಮ್ಮ ಭಾಷೆ ಈ ಹೊಗೆಗೆ ಬಹಳ ಧಾರಾಳವಾಗಿ ಜಾಗ ಕೊಟ್ಟಿದೆ. ಬಾವಿಯಿಂದ ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ದಮ್ಮು ಎಂದರೆ ಉಸಿರು, ದಮ್ಮು ಎಂದರೆ ಸಿಗರೇಟಿನ ಒಂದು ಎಳೆತ, ದಮ್ಮು ಎಂದರೆ ಉಬ್ಬಸದ ರೋಗ, ದಮ್ಮಿದ್ದರೆ ಬಾ ಎಂದರೆ ಗಂಡಸುತನ. ಒಂದು ಪದದೊಳಗೆ ರೋಗಿಯ ಪೂರ್ತಿ ಜಾತಕ! ಬರೆಯುವ ನಮ್ಮ ಮಂದಿಯ ಪಾಪವೂ ಇದರಲ್ಲಿದೆ. ಕಥೆಯಲ್ಲಿ ನಾಯಕ ಯೋಚಿಸಬೇಕಾದರೆ ಸಿಗರೇಟು ಹಚ್ಚಲೇಬೇಕು. ಈಗಲೂ ನನಗೆ ಬರುವ ಹಸ್ತಪ್ರತಿಗಳಲ್ಲಿ ಹತ್ತಕ್ಕೆ ಆರರಲ್ಲಿ "ಅವನು ಹೊಗೆಯ ಸುರುಳಿಗಳನ್ನೇ ನೋಡುತ್ತಾ ಕುಳಿತ" ಎಂಬ ಸಾಲಿರುತ್ತದೆ. ನಾನು ಹೊಡೆದುಹಾಕುತ್ತೇನೆ. ಕಥೆಗಾರರು ಜಗಳಕ್ಕೆ ಬರುತ್ತಾರೆ.

ಇದಕ್ಕಿಂತ ದೊಡ್ಡ ಪಾಪ ಮಾಡಿದವರು 'ಲೈಟ್' ಸಿಗರೇಟು ಮಾರಿದವರು. ಫಿಲ್ಟರಿನ ಸುತ್ತ ಸೂಜಿಮೊನೆಯ ತೂತು ಕೊರೆದು, ಅಳೆಯುವ ಯಂತ್ರಕ್ಕೆ ಗಾಳಿ ಬೆರೆತ ಹೊಗೆ ಕುಡಿಸಿ, ಟಾರು ಕಡಿಮೆ ಎಂದು ಬರೆದರು. ಮನುಷ್ಯನ ಬೆರಳು, ತುಟಿ ಆ ತೂತನ್ನು ಮುಚ್ಚುತ್ತವೆ. ಬಿಡಬೇಕೆಂದಿದ್ದ ಎಷ್ಟೋ ಜನ ಬಿಡುವ ಬದಲು ಲೈಟಿಗೆ ಬಂದು ನಿಂತರು. ಅದೇ ಮಿತದ ಮಂತ್ರ ನೋಡಿ! ಈಗಿನ ಕಾಲದಲ್ಲಿ "ಮೂರು ದಿನದಲ್ಲಿ ಶ್ವಾಸಕೋಶ ಶುದ್ಧಿ" ಎಂಬ ಪುಡಿಯವರು ಬಂದಿದ್ದಾರೆ. ಜಾಹೀರಾತು ಹಾಕಿ ಎಂದು ನಮ್ಮಲ್ಲಿಗೂ ಬಂದಿದ್ದರು, ಕಳಿಸಿದೆ. ಶ್ವಾಸಕೋಶಕ್ಕೆ ಬೇರೆ ಪೊರಕೆ ಇಲ್ಲ, ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರುವುದೇ ಅದು.

ಬೈದದ್ದು ಸಾಕು. ಪತ್ರದ ನಡುವೆ ನಿಮ್ಮನ್ನು ನೀವೇ "ಮನೋಬಲವಿಲ್ಲದವನು" ಎಂದು ಹಳಿದುಕೊಂಡಿದ್ದೀರಿ, ಅದು ನನಗೆ ಸೇರಲಿಲ್ಲ. 2007ರಲ್ಲಿ ಅಮೆರಿಕದ ಸಂಶೋಧಕರು ಮಿದುಳಿಗೆ ಪೆಟ್ಟಾದ ಸಿಗರೇಟುದಾಸರನ್ನು ಪರೀಕ್ಷಿಸಿದರು. ಇನ್ಸುಲಾ ಎಂಬ ಸಣ್ಣ ಭಾಗ ಕೆಟ್ಟವರಲ್ಲಿ ಹಲವರು ಮರುದಿನದಿಂದ ಸಿಗರೇಟಿನ ನೆನಪೇ ಇಲ್ಲದಂತೆ ಬಿಟ್ಟುಬಿಟ್ಟಿದ್ದರು. ದಿನಕ್ಕೆ ನಲವತ್ತು ಸೇದುತ್ತಿದ್ದ ಒಬ್ಬ, ಸೇದುವ ಆಸೆಯನ್ನು ತನ್ನ ಮೈಯೇ ಮರೆತುಬಿಟ್ಟಿತು ಎಂದನಂತೆ. ಆಸೆ ಕೂತಿರುವುದು ಮಾಂಸದಲ್ಲಿ, ನಿಮ್ಮ ಗುಣದಲ್ಲಲ್ಲ. ಹಾಗಾಗಿ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ವೈದ್ಯರು ಬರೆದುಕೊಡುವ ವರೆನಿಕ್ಲಿನ್ ಮಾತ್ರೆ, ಇವನ್ನು ಕೇಳಲು ನಾಚಿಕೆ ಬೇಡ. ಸೇದಲಾಗದೆ ಹೊಗೆಸೊಪ್ಪು ಬಾಯಿಗೆ ಹಾಕಿಕೊಳ್ಳುತ್ತಿದ್ದ ಸ್ವೀಡನ್ನಿನ ಜಲಾಂತರ್ಗಾಮಿ ನಾವಿಕರ ವಿಷಯ ಕೇಳಿ ಆ ಗಮ್ ಹುಟ್ಟಿದ್ದು. ಮೇಲೆ ಹೇಳಿದ 2016ರ ಪ್ರಯೋಗದಲ್ಲೂ ಎರಡೂ ಗುಂಪಿಗೆ ನಿಕೋಟಿನ್ ಪಟ್ಟಿ ಕೊಟ್ಟಿದ್ದರು. ತಲುಬು ಬಂದಾಗ ಗಡಿಯಾರ ನೋಡಿ, ಬಹುತೇಕ ಐದು ನಿಮಿಷದಲ್ಲಿ ಅದರ ಜೋರು ಇಳಿಯುತ್ತದೆ.

ಉಳಿದದ್ದು ಬೀರುವಿನ ಮೇಲಿನ ಪ್ಯಾಕು. ಅದನ್ನು ಕಸದ ಬುಟ್ಟಿಗೆ ಹಾಗೇ ಹಾಕಬೇಡಿ. ಒಡೆದು, ಬಕೆಟ್ಟಿನ ನೀರಿನಲ್ಲಿ ನೆನೆಸಿ, ಕೈಯಲ್ಲಿ ಹಿಚುಕಿ ಆಮೇಲೆ ಎಸೆಯಿರಿ. ಒಣಗಿದ್ದನ್ನು ಎಸೆದರೆ ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ಬುಟ್ಟಿಯಲ್ಲಿ ಹುಡುಕುತ್ತೀರಿ. ನಾನು ಹುಡುಕಿದ್ದೆ, ಸಿಕ್ಕಿಯೂ ಇತ್ತು.