ಪೂರ್ವ ಟಿಮೋರ್‌ಗೆ ಆಸಿಯಾನ್ ಸದಸ್ಯತ್ವ ತಡವಾದದ್ದೇಕೆ?

ಪ್ರಶ್ನೆ: ಪೂರ್ವ ಟಿಮೋರ್ 2025ರ ಅಕ್ಟೋಬರ್‌ನಲ್ಲಿ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್ ಸೇರಿತು. 2011ರಲ್ಲಿಯೇ ಅರ್ಜಿ ಸಲ್ಲಿಸಿದ್ದ ಈ ಪುಟ್ಟ ದೇಶವನ್ನು ಇಷ್ಟು ಕಾಲ ಕಾಯಿಸಿದ್ದೇಕೆ? ಇಂಡೋನೇಷ್ಯಾ ಅಡ್ಡಗಾಲು ಹಾಕಿತ್ತೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಲ್ಲ. 1975ರ ಡಿಸೆಂಬರ್‌ನಲ್ಲಿ ದಂಡೆತ್ತಿ ಬಂದು, 1999ರ ಜನಮತಗಣನೆಯವರೆಗೂ ಆ ನೆಲವನ್ನು ಹಿಡಿದಿಟ್ಟುಕೊಂಡಿದ್ದ ಇಂಡೋನೇಷ್ಯಾವೇ ಅರ್ಜಿಯನ್ನು ಮೊದಲಿನಿಂದ ಬೆಂಬಲಿಸಿತು. ಅಪಾರ ಸಾವುನೋವು ಕಂಡಿದ್ದರೂ ಷನಾನಾ ಗುಸ್ಮಾವೊ, ಜೋಸ್ ರಾಮೊಸ್ ಹೊರ್ಟಾ ಅವರಂಥ ನಾಯಕರು ಸ್ವಾತಂತ್ರ್ಯಾನಂತರ ನೆರೆಯ ದೇಶದೊಡನೆ ಹಗೆ ಬೆಳೆಸದೆ ಸೌಹಾರ್ದದ ದಾರಿ ಹಿಡಿದದ್ದರಿಂದಲೇ ಇದು ಸಾಧ್ಯವಾಯಿತೆಂದು ನನ್ನ ದೃಢ ನಂಬಿಕೆ.

ವಿಳಂಬದ ಮೂಲ ಬೇರೆಡೆ ಇದೆ. ಆಸಿಯಾನ್‌ನಲ್ಲಿ ತೀರ್ಮಾನಗಳು ಬಹುಮತದಿಂದಲ್ಲ, ಸರ್ವಸಮ್ಮತಿಯಿಂದ ಆಗುತ್ತವೆ. ಆಗಿದ್ದ ಹತ್ತು ಸದಸ್ಯರಲ್ಲಿ ಒಂದು ದೇಶ ಹಿಂಜರಿದರೂ ಕಡತ ಮುಂದೆ ಸಾಗುತ್ತಿರಲಿಲ್ಲ. ಹೊಸ ಸದಸ್ಯ ದೇಶ ತನ್ನ ಹೊಣೆಗಳನ್ನು ನಿಭಾಯಿಸಲು ಶಕ್ತವಾಗಿರಬೇಕು ಎಂಬುದು ಆಸಿಯಾನ್ ಸನ್ನದಿನ ಷರತ್ತು. ಸಿಂಗಪುರ ಮುಖ್ಯವಾಗಿ ಎತ್ತಿದ ಸಂದೇಹವೂ ಇದೇ. ಸುಮಾರು 14 ಲಕ್ಷ ಜನರಿರುವ, ಪೋರ್ಚುಗೀಸ್ ಮತ್ತು ಟೆಟುಮ್ ಭಾಷೆಗಳಲ್ಲಿ ಆಡಳಿತ ನಡೆಸುವ ದೇಶವೊಂದು, ಇಂಗ್ಲಿಷಿನಲ್ಲಿ ವರ್ಷಕ್ಕೆ ನೂರಾರು ಸಭೆ ನಡೆಸುವ ಒಕ್ಕೂಟಕ್ಕೆ ಸಾಕಷ್ಟು ಅಧಿಕಾರಿಗಳನ್ನು ಕಳುಹಿಸಬಲ್ಲದೇ ಎಂಬ ಪ್ರಶ್ನೆ ಅನ್ಯಾಯದ್ದೇನೂ ಆಗಿರಲಿಲ್ಲ. ಸಚಿವಾಲಯದ ಖರ್ಚಿಗೂ ಸಿಂಗಪುರದಷ್ಟೇ ಪಾಲನ್ನು ಈ ಬಡ ದೇಶ ತೆರಬೇಕು, ಏಕೆಂದರೆ ವಂತಿಗೆ ಎಲ್ಲರಿಗೂ ಸಮಾನ.

2022ರ ನವೆಂಬರ್‌ನಲ್ಲಿ ಕಾಂಬೋಡಿಯಾದ ನಾಮ್‌ಪೆನ್‌ನಲ್ಲಿ ತಾತ್ವಿಕ ಒಪ್ಪಿಗೆ ದೊರೆತು, ಮರುವರ್ಷದ ಮೇ ತಿಂಗಳಲ್ಲಿ ಪೂರೈಸಬೇಕಾದ ಕೆಲಸಗಳ ಮಾರ್ಗಸೂಚಿ ಸಿದ್ಧವಾಯಿತು. ಆಸಿಯಾನ್ ಸದಸ್ಯ ದೇಶವಾದ ಮ್ಯಾನ್ಮಾರ್‌ನ ಸೇನಾಡಳಿತದ ವಿರೋಧಿಗಳೊಡನೆ ಟಿಮೋರ್ ಸಂಪರ್ಕ ಇಟ್ಟುಕೊಂಡದ್ದಕ್ಕೆ 2023ರ ಆಗಸ್ಟ್‌ನಲ್ಲಿ ಅಲ್ಲಿನ ಆಡಳಿತ ಟಿಮೋರ್‌ನ ಹಿರಿಯ ರಾಜತಾಂತ್ರಿಕರೊಬ್ಬರನ್ನು ಹೊರಹಾಕಿತು. ಪ್ರಜಾಪ್ರಭುತ್ವದ ಪರ ನಿಲ್ಲಲು ಹೋಗಿ ತನ್ನ ಸದಸ್ಯತ್ವಕ್ಕೇ ತೊಡಕು ತಂದುಕೊಳ್ಳುವ ಅಪಾಯವಿದ್ದರೂ ಅದು ಹಿಂಜರಿಯಲಿಲ್ಲವೆಂಬುದನ್ನು ಗೌರವದಿಂದ ನೆನೆಯಬೇಕು. 2024ರ ಆಗಸ್ಟ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿದ್ದು ಅದರ ವಾಣಿಜ್ಯ ಕಾನೂನುಗಳ ಸಿದ್ಧತೆಗೆ ಸಾಕ್ಷಿಯಾಯಿತು. ಕೊನೆಗೆ 2025ರ ಅಕ್ಟೋಬರ್ 26ರಂದು ಕ್ವಾಲಾಲಂಪುರದಲ್ಲಿ ಅದು ಹನ್ನೊಂದನೆಯ ಸದಸ್ಯ ರಾಷ್ಟ್ರವಾಯಿತು.

ಇಷ್ಟರಿಂದಲೇ ಬಡತನ ನೀಗುವುದಿಲ್ಲ. ಸರ್ಕಾರದ ಆಯವ್ಯಯ ಬಹುಪಾಲು ನಿಂತಿರುವುದು 2005ರಲ್ಲಿ ಸ್ಥಾಪಿಸಿದ ಪೆಟ್ರೋಲಿಯಂ ನಿಧಿಯ ಮೇಲೆ. ಅದಕ್ಕೆ ಆದಾಯ ತಂದ ಸಮುದ್ರದಡಿಯ ಬಾಯು ಉಂಡಾನ್ ಅನಿಲ ನಿಕ್ಷೇಪ ಬರಿದಾಗಿದೆ. ಕಾಫಿ ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಕೃಷಿ ರಫ್ತು ಇಲ್ಲದ ಈ ದೇಶಕ್ಕೆ, ಆಸಿಯಾನ್‌ನ ಸುಂಕ ಇಳಿದ ಮಾರುಕಟ್ಟೆಯಲ್ಲಿ ಮಾರಲು ಸರಕು ಬೆಳೆಸುವ ಕೆಲಸ ಈಗಷ್ಟೇ ಆರಂಭವಾಗಬೇಕಿದೆ.