ಮೋಲ್ ಲೆಕ್ಕ ಬಾರದವರು ಆಸ್ಪತ್ರೆಗೆ ಬೇಡವೇ?

ಪ್ರಶ್ನೆ: ನರ್ಸಿಂಗ್ ಓದಬೇಕೆಂದು ಚಿಕ್ಕಂದಿನಿಂದ ಆಸೆ. ಆದರೆ ಕೆಮಿಸ್ಟ್ರಿಯಲ್ಲಿ ಎರಡು ಸಲವೂ ಜಸ್ಟ್ ಪಾಸು. "ಮೋಲ್ ಲೆಕ್ಕ (ವಸ್ತುವಿನ ತೂಕದಿಂದ ಅದರ ಕಣಗಳ ಎಣಿಕೆ ತಿಳಿಯುವ ಲೆಕ್ಕ) ಬಾರದವಳು ರೋಗಿಗೆ ಔಷಧಿ ಕೊಟ್ಟರೆ ಅವನ ಗತಿಯೇನು?" ಎಂದು ಮೇಷ್ಟ್ರು ತರಗತಿಯಲ್ಲೇ ಕೇಳಿದರು, ಎಲ್ಲರೂ ನಕ್ಕರು. ಆಸೆ ಬಿಟ್ಟುಬಿಡಲೇ?
– ಹೆಸರು ಬೇಡವೆಂದ ಓದುಗಿ

ಉತ್ತರ: ತಂಗೀ, ಮೊದಲು ನಿಮ್ಮ ಮೇಷ್ಟ್ರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.35ರಿಂದ 7.45ರ ಒಳಗಿರಬೇಕು. ಪೊಟ್ಯಾಸಿಯಂ ವೇಗವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಂತೀತು. ದಶಮಾಂಶದ ಚುಕ್ಕೆ ಒಂದು ಸ್ಥಾನ ಜರುಗಿದರೆ ಮಗುವಿಗೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಆಯಿತು, ಒಪ್ಪಿದೆ. ಇನ್ನು ನನ್ನ ಮಾತು.

ಆ ಚುಕ್ಕೆ ಜರುಗದಂತೆ ಕಾಯುವುದು ಗುಣಾಕಾರ, ಭಾಗಾಕಾರ ಮತ್ತು ಬರೆದದ್ದನ್ನು ಇನ್ನೊಮ್ಮೆ ನೋಡುವ ಅಭ್ಯಾಸ. 0.9 ಶೇಕಡಾ ಸಲೈನ್ ಎಂದರೆ ಲೀಟರಿಗೆ 9 ಗ್ರಾಂ ಉಪ್ಪು. ರೋಗಿಯ ತೂಕ ಇಷ್ಟು, ಕಿಲೋಗೆ ಇಷ್ಟು ಮಿಲಿಗ್ರಾಂ, ಸೀಸೆಯಲ್ಲಿ ಮಿಲಿಲೀಟರಿಗೆ ಇಷ್ಟು. ಹಾಗಾದರೆ ಸಿರಿಂಜಿಗೆ ಎಷ್ಟು ಎಳೆಯಬೇಕು? ವಾರ್ಡಿನ ಲೆಕ್ಕ ಬಹುಪಾಲು ಈ ಜಾತಿಯದು. ಬೆಂಜೀನ್ ಉಂಗುರದ ಯಾವ ಮೂಲೆಗೆ ನೈಟ್ರೋ ಗುಂಪು ಹೋಗಿ ಕೂರುತ್ತದೆಂದು ರಾತ್ರಿ ಪಾಳಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಕೆಮಿಸ್ಟ್ರಿ ಹೀಗೆ ಬಾಗಿಲು ಕಾಯಲು ನಿಂತದ್ದು ಸುಮ್ಮನೆ ಅಲ್ಲ. 1910ರಲ್ಲಿ ಶಿಕ್ಷಣ ತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ, ಕೆನಡಾದ ವೈದ್ಯಕೀಯ ಕಾಲೇಜುಗಳನ್ನು ಸುತ್ತಿ ನೋಡಿ ವರದಿ ಬರೆದರು. ಶುಲ್ಕ ಕಟ್ಟಿದವರಿಗೆಲ್ಲ ಡಾಕ್ಟರ್ ಪದವಿ ಕೊಡುವ ಅಂಗಡಿಗಳು ಅಲ್ಲಿ ತುಂಬಿದ್ದವು. ರಸಾಯನ, ಭೌತ, ಜೀವಶಾಸ್ತ್ರ ಓದಿದವರನ್ನಷ್ಟೇ ಒಳಗೆ ಬಿಡಿ ಎಂದರು. ಆಗ ಅದು ಬೇಕಿತ್ತು. ಆಮೇಲೆ ಸೀಟು ಕಡಿಮೆ, ಅರ್ಜಿ ಜಾಸ್ತಿ ಆಗಿ, ತಿಳಿವಳಿಕೆ ಅಳೆಯಬೇಕಿದ್ದ ವಿಷಯ ಜನರನ್ನು ಸೋಸುವ ಜರಡಿಯಾಯಿತು. ಜರಡಿಗೆ ಬೇಕಾದ್ದು ಕಠಿಣ ಪ್ರಶ್ನೆ. ಅದು ಮುಂದೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದು ಅದರ ಚಿಂತೆಯಲ್ಲ.

ಈ ಜರಡಿಯನ್ನು ಪಕ್ಕಕ್ಕಿಟ್ಟು ನೋಡಿದವರೂ ಇದ್ದಾರೆ. ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಕಾಲೇಜು 1987ರಿಂದ ಸಾಹಿತ್ಯ, ಸಮಾಜವಿಜ್ಞಾನ ಓದಿದ ಕೆಲವರನ್ನು ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಪ್ರವೇಶ ಪರೀಕ್ಷೆ ಯಾವುದೂ ಇಲ್ಲದೆ ಸೇರಿಸಿಕೊಂಡಿತು. 2010ರಲ್ಲಿ ಆ ವಿದ್ಯಾರ್ಥಿಗಳ ಸಾಧನೆಯನ್ನು ಸಹಪಾಠಿಗಳ ಜೊತೆ ಹೋಲಿಸಿ ಪ್ರಕಟಿಸಿದರು. ಮೊದಲ ಹಂತದ ಲೈಸೆನ್ಸ್ ಪರೀಕ್ಷೆಯಲ್ಲಿ ಸ್ವಲ್ಪ ಹಿಂದೆ. ಒಟ್ಟಾರೆ ಸಹಪಾಠಿಗಳಿಗೆ ಸರಿಸಮ. ಅವರು ಮೂಲ ಕೆಮಿಸ್ಟ್ರಿ ಓದಿದ್ದರು, ಅದನ್ನು ಮುಚ್ಚಿಡುವುದಿಲ್ಲ. ನೀವೂ ಓದಿದ್ದೀರಲ್ಲ!

ನಿಮ್ಮ ಮೇಷ್ಟ್ರಿಗೆ ಇಷ್ಟವಾಗುವ ಕಥೆಯನ್ನೂ ಹೇಳುತ್ತೇನೆ. 1952ರಲ್ಲಿ ಕೋಪನ್‌ಹೇಗನ್ನಿಗೆ ಪೋಲಿಯೋ ಅಪ್ಪಳಿಸಿತು. ಉಸಿರಾಟದ ಸ್ನಾಯು ಸೋತವರ ರಕ್ತದಲ್ಲಿ ಬೈಕಾರ್ಬನೇಟ್ ಎಂಬ ಕ್ಷಾರಗುಣದ ಅಂಶ ಏರಿತ್ತು; ಇದೇನೋ ಕ್ಷಾರದ ತೊಂದರೆ ಎಂದು ವೈದ್ಯರು ತಲೆ ಕೆಡಿಸಿಕೊಂಡಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, ಹೊರಬೀಳದ ಇಂಗಾಲದ ಡೈಆಕ್ಸೈಡ್ ಒಳಗೇ ಕೂಡಿಬಿದ್ದಿದೆ, ಬೈಕಾರ್ಬನೇಟ್ ಏರಿದ್ದು ಅದರಿಂದಲೇ ಎಂದರು. ಶುದ್ಧ ಕೆಮಿಸ್ಟ್ರಿ. ಆದರೆ ಆಮೇಲೆ? ಗಂಟಲಿಗೆ ನಳಿಕೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತಾ ಹಗಲೂ ರಾತ್ರಿ ಉಸಿರು ತುಂಬಬೇಕಿತ್ತು. ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ತಿಂಗಳುಗಟ್ಟಲೆ ಒತ್ತಿದರು. ಬೇನೆಯ ಗುಟ್ಟು ಹಿಡಿದವನ ಹೆಸರು ಪುಸ್ತಕದಲ್ಲಿದೆ, ಚೀಲ ಒತ್ತಿದವರ ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ.

ನನ್ನ ಸಿಟ್ಟು ನಿಮ್ಮ ತರಗತಿಯ ನಗುವಿನ ಮೇಲೆ. ಪಾಠ ಹೇಳುವವರು ತಮಗೆ ವಿವರಿಸಲು ಆಗದ್ದನ್ನು ಮಗುವಿನ ದಡ್ಡತನವೆಂದು ದಾಖಲಿಸುವ ಸುಲಭ ಪದ್ಧತಿಯೊಂದು ಎಲ್ಲೆಡೆ ಇದೆ. ಇನ್ನೊಂದು ಚಾಳಿ, ಆರೋಗ್ಯ ಕ್ಷೇತ್ರ ಎಂದರೆ ಡಾಕ್ಟರು, ಉಳಿದವರೆಲ್ಲ ಅಲ್ಲಿಗೆ ತಲುಪದೆ ಉಳಿದವರು ಎಂಬ ಭಾವನೆ. ಪಾರ್ಶ್ವವಾಯು ಹೊಡೆದವರಿಗೆ ಮತ್ತೆ ನುಂಗುವುದನ್ನು ಕಲಿಸುವ ಸ್ಪೀಚ್ ಥೆರಪಿಸ್ಟ್, ನಡೆಯಲು ಕಲಿಸುವ ಫಿಸಿಯೋಥೆರಪಿಸ್ಟ್, ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಇವರು ಯಾರ ಉಳಿಕೆಯೂ ಅಲ್ಲ. ನಮ್ಮ ಪತ್ರಿಕೆಗೂ ಆರೋಗ್ಯ ಲೇಖನವೆಂದರೆ ಡಾಕ್ಟರೇ ಬರೆಯಬೇಕು ಎಂದು ಒತ್ತಾಯಿಸುವ ಓದುಗರಿದ್ದಾರೆ.

ನಿಮ್ಮನ್ನೂ ಸ್ವಲ್ಪ ಗದರಬೇಕು. ಎರಡು ಪುಟ ಬರೆದಿದ್ದೀರಿ, ಕೆಮಿಸ್ಟ್ರಿಯಲ್ಲಿ ಏನು ಬರುವುದಿಲ್ಲ ಎಂದು ಒಂದು ಸಾಲೂ ಇಲ್ಲ. "ಜಸ್ಟ್ ಪಾಸು" ಎಂದರೆ ಪಾಸು. ಮೋಲ್ ಲೆಕ್ಕದಲ್ಲಿ ಎಡವುವವರು ಬಹಳ ಸಲ ಎಡವುವುದು ಅನುಪಾತದಲ್ಲಿ, ಗ್ರಾಂ-ಮಿಲಿಗ್ರಾಂ ಬದಲಾವಣೆಯಲ್ಲಿ. ಹಳೆಯ ಉತ್ತರಪತ್ರಿಕೆ ತೆಗೆದು, ಯಾವ ಸಾಲಿನಲ್ಲಿ ಲೆಕ್ಕ ದಾರಿ ತಪ್ಪಿತೆಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಆ ಗುರುತುಗಳೆಲ್ಲ ಒಂದೇ ಜಾಗದಲ್ಲಿ ಬಿದ್ದರೆ, ಕಲಿಯಬೇಕಾದ್ದು ಅಷ್ಟೇ. ಅರ್ಜಿ ಹಾಕುವ ಮುಂಚೆ ಪ್ರತಿ ಕೋರ್ಸಿನ ಅರ್ಹತಾ ನಿಯಮ ಓದಿ. ಎಲ್ಲ ಕಡೆಯೂ ಕೆಮಿಸ್ಟ್ರಿಗೆ ಒಂದೇ ತೂಕವಿಲ್ಲ. ಮುಂದಿನ ಪತ್ರದಲ್ಲಿ ಆ ಕೆಂಪು ಗುರುತಿನ ಲೆಕ್ಕವೊಂದನ್ನು ಕಳಿಸಿ, ನೋಡೋಣ.

– ಸಂಪಾದಕ