ನಾಲ್ಕು-ಐದನೇ ತರಗತಿಗೆ ವಾರದ ಚಟುವಟಿಕೆ: ಇಪ್ಪತ್ತು ರೇಷ್ಮೆ ಹುಳ ಸಾಕು

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ಚಿಂತಾಮಣಿ ಕಡೆಯ ಶಾಲೆ, ನಾಲ್ಕು ಮತ್ತು ಐದನೇ ತರಗತಿ ಒಟ್ಟಿಗೆ, ಕೈತೋಟ ಮಾಡೋಣ ಅಂದರೆ ನೀರಿಲ್ಲ. ಕಾಳು ಮೊಳಕೆ ಕಟ್ಟಿಸಿದ್ದು ಒಂದೇ ವಾರಕ್ಕೆ ಮುಗಿಯಿತು, ಇನ್ನು ಪ್ರತಿ ಶನಿವಾರ ಹೊಸದೇನು ಮಾಡಿಸಲಿ ಅಂತ ಕೇಳಿದ್ದೀರಿ. ಗುಂಪಿನಲ್ಲಿ ಕೆಲವರು ಕುಂಡದ ಗಿಡ, ಕೆಲವರು ಪೇಪರ್ ಕ್ರಾಫ್ಟ್ ಹೇಳಿದ್ದಾರೆ. ನಾನು ಶಿಡ್ಲಘಟ್ಟ ಕಡೆ ಇದೇ ತರಗತಿಗಳಿಗೆ ಪಾಠ ಮಾಡುವವನು. ನನಗನ್ನಿಸುವುದು ಬೇರೆ. ವಾರವಾರ ಹೊಸದನ್ನು ಹುಡುಕಿದರೆ ನಿಮಗೂ ಸುಸ್ತು, ಮಕ್ಕಳಿಗೂ ಯಾವುದೂ ನಿಲ್ಲುವುದಿಲ್ಲ. ದಿನಾ ಬದಲಾಗುವ ಒಂದು ಜೀವ ತರಗತಿಯಲ್ಲಿರಲಿ. ನೋಡು, ಅಳೆ, ಬರೆ, ಈ ಮೂರು ಕೆಲಸ ಹಾಗೇ ಇರಲಿ. ಪ್ರಶ್ನೆ ಮಾತ್ರ ವಾರಕ್ಕೊಂದು ಹೊಸದು.

ನಮ್ಮ ಎರಡೂ ತಾಲ್ಲೂಕಿಗೆ ಇದಕ್ಕೆ ರೇಷ್ಮೆ ಹುಳಕ್ಕಿಂತ ಒಳ್ಳೆಯದಿಲ್ಲ. ನೀರು ಬೇಡ, ಜಾಗ ಬೇಡ, ಖರ್ಚೂ ಇಲ್ಲ. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಚರ್ಮ ಕಳಚಿದ ಹುಳ ಇಪ್ಪತ್ತು ತನ್ನಿ, ಜಾಸ್ತಿ ಬೇಡ. ಅದಕ್ಕೂ ಚಿಕ್ಕದಾದ ಚಾಕಿ ಹುಳ ತುಂಬಾ ಸೂಕ್ಷ್ಮ, ಅದನ್ನು ತರಗತಿಗೆ ತರಬೇಡಿ. ಎರಡನೇ ಜ್ವರ ಎದ್ದಾಗ ಹುಳ ಒಂದು ಸೆಂಟಿಮೀಟರ್ ಆಸುಪಾಸು ಇರುತ್ತದೆ. ಅಲ್ಲಿಂದ ಸುಮಾರು ಎರಡೂವರೆ ವಾರಕ್ಕೆ ಗೂಡು ಕಟ್ಟುತ್ತದೆ. ಅಷ್ಟರಲ್ಲಿ ಆರೇಳು ಸೆಂಟಿಮೀಟರ್ ಬೆಳೆದಿರುತ್ತದೆ. ಮಕ್ಕಳ ಸ್ಕೇಲಿನಲ್ಲಿ ದಿನಾ ವ್ಯತ್ಯಾಸ ಕಾಣುತ್ತದೆ, ಅದೇ ಇದರ ಗುಣ. ಗಿಡದಲ್ಲಿ ಅಷ್ಟು ಬೇಗ ಕಾಣುವುದಿಲ್ಲ.

ಈಗ ವಾರ ನಡೆಸುವ ರೀತಿ. ಸೋಮವಾರ ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆಯಿರಿ. ಮೊದಲ ವಾರ, 'ಶನಿವಾರಕ್ಕೆ ಹುಳ ಎಷ್ಟು ಉದ್ದ ಆಗುತ್ತದೆ?' ಪ್ರತಿ ಮಗುವೂ ತನ್ನ ಅಂದಾಜನ್ನು ಹೆಸರಿನ ಮುಂದೆ ಬರೆಯಬೇಕು. ದಯವಿಟ್ಟು ಈ ಹೆಜ್ಜೆ ಬಿಡಬೇಡಿ. ಅಂದಾಜು ಬರೆದ ಮಗು ಶನಿವಾರದವರೆಗೂ ಆ ಹುಳವನ್ನು ಬಿಡುವುದಿಲ್ಲ. ಸುಮ್ನೆ ನೋಡಿ ಅಂದರೆ ಎರಡು ದಿನ ನೋಡುತ್ತಾರೆ, ಆಮೇಲೆ ಮರೆಯುತ್ತಾರೆ.

ಮಂಗಳವಾರದಿಂದ ಪ್ರಾರ್ಥನೆ ಆದ ಮೇಲೆ ಹತ್ತು ನಿಮಿಷ ಸಾಕು. ದಿನಕ್ಕೊಂದು ತಂಡ ಅಳೆದು ಗೋಡೆಯ ಪಟ್ಟಿಯಲ್ಲಿ ತುಂಬಲಿ. ನಿಮ್ಮ ಮಕ್ಕಳು ಮೂರನೇ ತರಗತಿವರೆಗೂ ನಲಿ ಕಲಿಯಲ್ಲಿ, ಅಂದರೆ ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿಯಲ್ಲಿ ಬಂದವರು. ತಂಡದಲ್ಲಿ ಕೂರುವುದು, ಹವಾಮಾನ ನಕ್ಷೆ ತುಂಬುವುದು, ದಾರದ ಚಪ್ಪರಕ್ಕೆ ತಮ್ಮ ಕೆಲಸ ನೇತುಹಾಕುವುದು ಎಲ್ಲ ಅವರಿಗೆ ಅಭ್ಯಾಸ. ಆ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಅದಕ್ಕೆ ಪ್ರೇರಣೆ ನಿಮಗೆ ಹತ್ತಿರವೇ ಇರುವ ಮದನಪಲ್ಲಿ ಪಕ್ಕದ ರಿಷಿ ವ್ಯಾಲಿ ಶಾಲೆ. ನಾಲ್ಕನೇ ತರಗತಿಗೆ ಬಂದ ತಕ್ಷಣ ಇದೆಲ್ಲ ನಿಂತುಹೋಗಿ ಪುಸ್ತಕ, ಸಾಲು ಬೆಂಚು ಅಷ್ಟೇ ಉಳಿಯುವುದು ನನಗೆ ತುಂಬಾ ಬೇಸರ ತರುವ ವಿಷಯ. ಬಂದ ಅಭ್ಯಾಸವನ್ನು ಕಳೆಯಬೇಡಿ, ಒಂದು ದಾರ ಕಟ್ಟಿ ಚಪ್ಪರ ಮಾಡಿಬಿಡಿ.

ಶುಕ್ರವಾರ ಗಣಿತ. ನಾಲ್ಕನೇ ತರಗತಿಯವರು ಉದ್ದದ ಕಂಬ ನಕ್ಷೆ ಬರೆಯಲಿ. ಐದನೇ ತರಗತಿಯವರು ಐದು ಹುಳದ ಉದ್ದ ಕೂಡಿಸಿ ಸರಾಸರಿ ತೆಗೆಯಲಿ. ಎಲೆ ಎಣಿಸುವುದನ್ನೂ ಸೇರಿಸಿ. ಹುಳ ತಿನ್ನುವ ಒಟ್ಟು ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇಕಡ 80ಕ್ಕೂ ಜಾಸ್ತಿ ಭಾಗ ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲೇ ಹೋಗುತ್ತದೆ. ಮಕ್ಕಳ ಎಲೆ ಲೆಕ್ಕದಲ್ಲಿ ಇದು ತಾನಾಗಿ ಹೊರಬರುತ್ತದೆ, ನೀವು ಮೊದಲೇ ಹೇಳಬೇಡಿ.

ಶನಿವಾರ ಬೆಳಗಿನ ತರಗತಿ ಪೂರ್ತಿ ಮಾತಿಗೆ ಮತ್ತು ಬರವಣಿಗೆಗೆ. ನಿಮ್ಮ ಕಡೆ ಬಹಳ ಮಕ್ಕಳ ಮನೆಮಾತು ತೆಲುಗು ಅಲ್ವಾ? ಮೊದಲು ತೆಲುಗಿನಲ್ಲೇ ಹೇಳಲಿ, ತಡೆಯಬೇಡಿ. ಹೇಳಿದ್ದನ್ನೇ ಪಕ್ಕದವರ ಜೊತೆ ಸೇರಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ಹೇಳಲು ವಿಷಯ ಇದ್ದಾಗ ಬರೆಯುವ ಕನ್ನಡ ಎಷ್ಟು ಚೆನ್ನಾಗಿರುತ್ತದೆ ಅಂತ ನೀವೇ ನೋಡುತ್ತೀರಿ. ಆ ಹಾಳೆ ಚಪ್ಪರಕ್ಕೆ ಹೋಗಲಿ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಅದೇ ದಾಖಲೆಯೂ ಆಗುತ್ತದೆ.

ಹುಳ ಜ್ವರಕ್ಕೆ ಕೂತಾಗ ಹತ್ತಿರ ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ತಿನ್ನುವುದಿಲ್ಲ. ರೇಷ್ಮೆ ಇಲ್ಲದ ಮನೆಯ ಮಕ್ಕಳು ಸತ್ತುಹೋಯಿತು ಅಂತ ಗಾಬರಿಯಾಗುತ್ತಾರೆ. ಆಗ ನೀವು ಉತ್ತರ ಕೊಡಬೇಡಿ. ರೇಷ್ಮೆ ಮನೆಯ ಹುಡುಗನೋ ಹುಡುಗಿಯೋ ಎದ್ದು ವಿವರಿಸಲಿ. ಓದಿನಲ್ಲಿ ಹಿಂದೆ ಕೂರುವ ಮಗು ಅವತ್ತು ಮೇಷ್ಟ್ರಾಗುತ್ತದೆ. ಚರ್ಮ ಹಿಗ್ಗುವುದಿಲ್ಲ, ಅದಕ್ಕೇ ಹಳೆಯದನ್ನು ಕಳಚಿ ಹೊಸದರಲ್ಲಿ ಬೆಳೆಯುತ್ತದೆ ಅನ್ನುವುದನ್ನು ಆಮೇಲೆ ನೀವು ಸೇರಿಸಿ. ಆ ವಾರದ ಪ್ರಶ್ನೆಯೂ ಸಿಕ್ಕಿಬಿಡುತ್ತದೆ: ಚರ್ಮ ಕಳಚುವ ಇನ್ನೂ ಯಾವ ಪ್ರಾಣಿಗಳಿವೆ?

ಎಚ್ಚರಿಕೆ ಕೆಲವು ಇವೆ, ಇದನ್ನು ಗಮನವಿಟ್ಟು ಓದಿ. ಔಷಧಿ ಹೊಡೆದ ಸೊಪ್ಪು ಒಂದು ಎಲೆಯೂ ಬೇಡ. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದದ್ದು ಗಾಳಿಗೆ ಬಂದು ಕೂತಿದ್ದರೂ ಹುಳ ಸಾಯುತ್ತದೆ. ಒದ್ದೆ ಸೊಪ್ಪು ಹಾಕಬೇಡಿ. ಹುಳದ ತಟ್ಟೆ ಇಟ್ಟ ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿ, ಇರುವೆ ಬರುವುದಿಲ್ಲ. ಮೇಲೆ ಸೊಳ್ಳೆಪರದೆಯ ತುಂಡು ಮುಚ್ಚಿ, ಹುಳದ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣಕ್ಕೂ ಹಲ್ಲಿಗೂ ಅದೇ ತಡೆ. ಮುಟ್ಟುವ ಮೊದಲು ಮತ್ತು ಆಮೇಲೆ ಕೈ ತೊಳೆಯಲಿ. ಶಾಲೆಯ ಹುಳ ಯಾವ ಕಾರಣಕ್ಕೂ ರೈತರ ಹುಳದ ಮನೆಗೆ ವಾಪಸ್ ಹೋಗಬಾರದು. ರೋಗ ಹೋದರೆ ಅವರ ಇಡೀ ಬೆಳೆ ಹಾಳಾಗುತ್ತದೆ. ಭಾನುವಾರ ತಟ್ಟೆಯನ್ನು ರೇಷ್ಮೆ ಸಾಕದ ಮನೆಯ ಮಗುವಿಗೇ ಒಪ್ಪಿಸಿ, ಸೊಪ್ಪು ಮಾತ್ರ ಬೆಳೆಗಾರರ ಮನೆಯಿಂದ ಬರಲಿ.

ಹುಳ ಹಣ್ಣಾದ ಮೇಲೆ, ಅಂದರೆ ತಿನ್ನುವುದು ಬಿಟ್ಟು ಗೂಡು ಕಟ್ಟಲು ತಯಾರಾದಾಗ, ಹುಳ ಬಿಡುವ ದೊಡ್ಡ ಬಿದಿರಿನ ಚಂದ್ರಿಕೆ ಬೇಕಿಲ್ಲ, ಒಣ ಕಡ್ಡಿಗಳಿದ್ದರೂ ಗೂಡು ಕಟ್ಟುತ್ತವೆ. ಆಗ ಒಂದು ಪ್ರಶ್ನೆ ಬಂದೇ ಬರುತ್ತದೆ: ನೂಲು ತೆಗೆದರೆ ಒಳಗಿರುವುದು ಏನಾಗುತ್ತದೆ? ಸತ್ಯ ಹೇಳಿ. ಚಿಟ್ಟೆ ತೂತು ಮಾಡಿ ಹೊರಬಂದರೆ ನೂಲು ತುಂಡಾಗುತ್ತದೆ, ಅದಕ್ಕೆ ಮೊದಲೇ ಬಿಸಿ ಕೊಟ್ಟು ಕೊಲ್ಲುತ್ತಾರೆ. ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಅಪ್ಪ ಅಮ್ಮ ಇದೇ ದುಡ್ಡಿನಲ್ಲಿ ಮನೆ ನಡೆಸುತ್ತಾರೆ ಅನ್ನುವುದೂ ಅವಕ್ಕೆ ಗೊತ್ತು. ಎರಡನ್ನೂ ಮಾತಾಡಲು ಬಿಡಿ. ನಾನು ಶಾಲೆಯ ಗೂಡುಗಳನ್ನು ಚಿಟ್ಟೆಯಾಗಲು ಬಿಡುತ್ತೇನೆ. ಎರಡು ವಾರದೊಳಗೆ ಹೊರಬರುತ್ತವೆ. ಏನೂ ತಿನ್ನುವುದಿಲ್ಲ, ಹಾರುವುದೂ ಇಲ್ಲ, ಮೊಟ್ಟೆ ಇಡುತ್ತವೆ. ಆ ಮೊಟ್ಟೆ ಯಾರಿಗೂ ಕೊಡಬೇಡಿ. ನೂಲು ತೋರಿಸಲು ರೀಲಿಂಗ್ ಮಾಡುವವರಿಂದ ಎರಡು ಗೂಡು ಕೇಳಿ ತನ್ನಿ, ಬಿಸಿನೀರಿನ ಕೆಲಸ ನೀವೇ ಮಾಡಿ. ಒಂದು ಒಳ್ಳೆಯ ಬಿಳಿ ಗೂಡಿನಲ್ಲಿ ಹತ್ತಿರ ಒಂದು ಕಿಲೋಮೀಟರ್ ನೂಲಿರುತ್ತದೆ. ಶಾಲೆಯಿಂದ ಅಷ್ಟು ದೂರದಲ್ಲಿ ಏನಿದೆ ಅಂತ ಮಕ್ಕಳೇ ಹೇಳಲಿ.

ಹುಳದ ಕೆಲಸ ಮುಗಿದ ಮೇಲೆ ಮಳೆ ಅಳೆಯಿರಿ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ಡಬ್ಬ, ಒಳಗೊಂದು ಸ್ಕೇಲು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 40 ಅಡಿ ಉದ್ದ, 20 ಅಡಿ ಅಗಲದ ಚಾವಣಿ ಅಂದರೆ ಸುಮಾರು 74 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ 740 ಲೀಟರ್, 15 ಲೀಟರಿನ ಬಿಂದಿಗೆಯಲ್ಲಿ ಐವತ್ತರ ಹತ್ತಿರ. ನಿಮ್ಮ ಕೈತೋಟಕ್ಕೆ ನೀರಿಲ್ಲ ಅನ್ನುವ ಮಾತಿಗೂ ಮಕ್ಕಳಿಂದಲೇ ಉತ್ತರ ಬರಬಹುದು. 15 ಕೆಜಿಯ ಟೊಮೆಟೊ ಬಾಕ್ಸ್ ರೇಟನ್ನು ದಿನಾ ಬರೆಸಿ 15ರಿಂದ ಭಾಗಿಸಿ ಕೆಜಿ ರೇಟು ತೆಗೆಸುವುದೂ ಚೆನ್ನಾಗಿರುತ್ತದೆ, ಐದನೇ ತರಗತಿಗೆ.

ಗುಂಪಿನಲ್ಲಿ ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರು ಇದ್ದರೆ ದಯವಿಟ್ಟು ಮೇಡಂಗೆ ಇಪ್ಪತ್ತು ಹುಳ ಕೊಡಿ. ಮೇಡಂ, ಊರಲ್ಲಿ ಯಾರ ಮನೆಯ ಹುಳ ಯಾವ ಜ್ವರದಲ್ಲಿದೆ ಅಂತ ಸೋಮವಾರ ಮಕ್ಕಳನ್ನೇ ಕೇಳಿ, ಎಲ್ಲ ಹೇಳುತ್ತಾರೆ.